ಕಸಕ್ಕೆ ಬಿದ್ದ ಷಡ್ಜ

ಧಾರವಾಡದಲ್ಲಿ ಗುರುಸಿದ್ಧವ್ವ ಎಂಬ ಗಾಯಕಿ ಇದ್ದರು. ಅವರ ತಂಗಿ ಮಗ ಚನ್ನವೀರ ಮನೆಯ ಕೋಣೆಯಲ್ಲೇ ಮೈಕು, ಕಂಪ್ಯೂಟರ್ ಇಟ್ಟುಕೊಂಡು ದೊಡ್ಡವ್ವನ ಹಾಡು ರೆಕಾರ್ಡ್ ಮಾಡುತ್ತಿದ್ದ. ಕೈ ಬಲು ಚುರುಕು, ಕಿವಿ ಮಾತ್ರ ಅಷ್ಟಕ್ಕಷ್ಟೇ.

ಅವನ ರೆಕಾರ್ಡಿಂಗ್ ಕೇಳಿ ಕೇಳಿ ಗುರುಸಿದ್ಧವ್ವ ಮಂಕಾದರು. ಆಧಾರಸ್ವರವಾದ ಷಡ್ಜ ಹಿಡಿದು ನಿಂತರೆ, ರೆಕಾರ್ಡಿಂಗಿನಲ್ಲಿ ಅರ್ಧಕ್ಕೇ ದನಿ ಕರಗಿಹೋಗುತ್ತಿತ್ತು. "ಹಾಡುವಾಗ ಉಸಿರು ಇದ್ದಂಗ ಅನಸ್ತದ. ಕೇಳಿದ್ರ ಇರೂದಿಲ್ಲ. ವಯಸ್ಸಾತು ನೋಡಪಾ" ಎಂದರು. ಕಛೇರಿ ಒಪ್ಪಿಕೊಳ್ಳುವುದು ಬಿಟ್ಟರು. ಶಿಷ್ಯರನ್ನು ಬೇರೆಯವರ ಕಡೆ ಕಳಿಸಿದರು. ತಂಬೂರಿಯನ್ನೂ ಯಾರಿಗಾದರೂ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಒಂದು ಸಲ, ಮನೆಯವರ ನೆನಪಿಗೆಂದು, ಹಾಡಲು ಒಪ್ಪಿದರು.

ಅದೇ ಹೊತ್ತಿಗೆ ಚನ್ನವೀರನ ಕಂಪ್ಯೂಟರ್ ಹಟ ಹಿಡಿಯಿತು. ನಿನ್ನ ಯಂತ್ರ ಹಳೆಯದು, ಹೊಸದು ಕೊಂಡುಕೋ, ಇಲ್ಲವಾದರೆ ನಮ್ಮಿಂದ ಇನ್ನೇನೂ ಬರದು ಎಂದಿತು ಅದರ ತಂತ್ರಾಂಶದ ಕಂಪನಿ. ಅವನಿಗೆ ರೇಗಿತು. ಗೆಳೆಯನ ಮಾತು ಕೇಳಿ ಲಿನಕ್ಸ್ ಹಾಕಿಕೊಂಡ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ ಮುಕ್ತ ವ್ಯವಸ್ಥೆ ಅದು. ರೆಕಾರ್ಡ್ ಮಾಡಲೂ ಅಂಥದೇ ಒಂದು ಮುಕ್ತ ತಂತ್ರಾಂಶ ಸಿಕ್ಕಿತು.

ಗುರುಸಿದ್ಧವ್ವ ಕೂತರು. ಹಾಡುವವರ ಪದ್ಧತಿ ಗೊತ್ತಲ್ಲ? ತಂಬೂರಿ ಮೀಟುತ್ತ, ಶ್ರುತಿಯೊಳಗೆ ತುಸು ಹೊತ್ತು ಸುಮ್ಮನಿದ್ದು, ಆಮೇಲೆ ಬಾಯಿ ತೆರೆಯುವುದು. ಹಾಗೇ ಹಾಡಿ ಎದ್ದುಹೋದರು. ಚನ್ನವೀರ ಹಾಕಿ ಕೇಳಿದರೆ ಹಾಡಿನುದ್ದಕ್ಕೂ ಗುಂಯ್ ಗುಂಯ್. "ಪುಕ್ಕಟೆ ಮಾಲು ಅಂದ್ರ ಹಿಂಗ. ಹಳೇದು ಎಷ್ಟು ಕ್ಲೀನ್ ಬರ್ತಿತ್ತು" ಎಂದು ಗೊಣಗಿದ.

ಹಳೆಯ ತಂತ್ರಾಂಶ ಯಾರನ್ನೂ ಕೇಳದೆ ತಾನೇ ಗದ್ದಲ ತೆಗೆಯುತ್ತಿತ್ತು. ಇದು ಕೇಳಿತು: ಗದ್ದಲ ಯಾವುದು, ತೋರಿಸು. ಹಾಡು ಶುರುವಾಗುವ ಮುಂಚಿನ ತುಣುಕನ್ನು ಅವನು ತೋರಿಸಿದ. ಅಲ್ಲಿ ಹಾಡೇ ಇಲ್ಲವಲ್ಲ, ಖಾಲಿ ಎಂದುಕೊಂಡ ಪುಣ್ಯಾತ್ಮ. ಪಕ್ಕದಲ್ಲಿ ಇನ್ನೊಂದು ಗುಂಡಿ ಇತ್ತು: ತೆಗೆದುಹಾಕುವುದನ್ನು ಮಾತ್ರ ಕೇಳಿಸು. ಒತ್ತಿದ.

ಕಸದೊಳಗೆ ತಂಬೂರಿ ಮಿಡಿಯುತ್ತಿತ್ತು. ಅದರ ಜೊತೆಗೆ ದೊಡ್ಡವ್ವನ ಷಡ್ಜ. ಅರ್ಧಕ್ಕೆ ಕರಗುತ್ತಿದ್ದ ಷಡ್ಜದ ಉಳಿದರ್ಧ ಒಂಚೂರೂ ನಡುಗದೆ ಅಲ್ಲಿ ನಿಂತಿತ್ತು. ತಂಬೂರಿಯ ಸ್ವರವೂ ಅವರ ಸ್ವರವೂ ಒಂದೇ ಆದಮೇಲೆ, ಒಂದನ್ನು ಗದ್ದಲವೆಂದು ಒರೆಸಿದರೆ ಇನ್ನೊಂದು ಉಳಿದೀತೆ? ಹಳೆಯ ತಂತ್ರಾಂಶ ಇಷ್ಟು ವರ್ಷ ಮಾಡಿದ್ದೂ ಇದನ್ನೇ. ಆಯಮ್ಮ ಎಷ್ಟು ಶುದ್ಧವಾಗಿ ಹಾಡಿದ್ದರೋ ಅಷ್ಟೂ ಅಳಿಸಿಹೋಗಿತ್ತು.

ಚನ್ನವೀರ ದೊಡ್ಡವ್ವನನ್ನು ಕರೆದು ಕೇಳಿಸಿದ. ಅವರ ಮುಖ ಬಿಳಿಚಿಕೊಂಡಿತು.

"ಇದು ನನ್ನ ದನಿ ಏನು?"

"ಹೌದು ದೊಡ್ಡವ್ವ. ತಪ್ಪು ನಂದು. ಏನು ತಗೀತದ ಅಂತ ನಾ ಒಮ್ಮಿನೂ ನೋಡ್ಲಿಲ್ಲ."

ಗುರುಸಿದ್ಧವ್ವ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಹೇಳಿದರು: "ನಿಂದಷ್ಟ ಅಲ್ಲೋ. ಉಸಿರು ಅದ ಅಂತ ನನ್ನ ಎದಿಗೆ ಗೊತ್ತಿತ್ತು. ಈ ಕಂಪ್ಯೂಟರ್ ಪೆಟ್ಟಿಗಿ ಇಲ್ಲ ಅಂತು, ನಾ ಪೆಟ್ಟಿಗಿ ಮಾತು ನಂಬಿದೆ. ಕಲಿಯಾಕ ಬಂದ ಮಕ್ಕಳನ್ನೂ ಕಳಿಸಿಬಿಟ್ಟೆ." ತಂಬೂರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ನೀತಿ: ಸ್ವಚ್ಛ ಮಾಡಿಕೊಡುತ್ತೇವೆ ಎಂದು ಬಂದವರನ್ನು, ನೀವು ಕಸ ಅನ್ನುವುದು ಯಾವುದಕ್ಕೆ ಎಂದು ಮೊದಲು ಕೇಳಿ. ಒಳಗೆ ಮಾಡುವುದನ್ನು ತೋರಿಸದ ಯಂತ್ರದ ಮಾತಿಗೆ ನಿಮ್ಮ ಎದೆಯ ಮಾತನ್ನು ಬಿಟ್ಟುಕೊಡಬೇಡಿ.