ಒಡೆಸಿದ ಕೆರೆ

ಮರಡಿಹಳ್ಳಿಯಿಂದ ಪಡುವಣಕ್ಕೆ ನಡೆದರೆ ಎರಡು ಬೋಳುಗುಡ್ಡಗಳ ನಡುವೆ ಮುರಿದು ನಿಂತ ಹಳೆಯ ಏರಿಯೊಂದು ಸಿಗುತ್ತದೆ. ಒಳಗೆ ನೀರಿಲ್ಲ, ಜಾಲಿ ಬೆಳೆದಿದೆ, ಕುರಿಗಳು ಮೇಯುತ್ತವೆ. ಒಡೆದ ಕೆರೆ ಎಂದು ಯಾರಾದರೂ ಕರೆದರೆ ಇಲ್ಲಿನವರು "ಒಡೆದದ್ದಲ್ಲ ಸ್ವಾಮಿ, ಒಡೆಸಿದ್ದು" ಎಂದು ತಿದ್ದುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಸಿರುಮಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನು ಕೋಟೆಯ ಮುಂದೆ ಕಲ್ಲುಮೆಟ್ಟಿಲಿನ ದೊಡ್ಡ ಕೆರೆ ಕಟ್ಟಿಸಿದ. ಅದರಲ್ಲಿ ನೀರು ನಿಲ್ಲಲಿಲ್ಲ. ಗಂಡ ತೀರಿಕೊಂಡು ತವರಿಗೆ ಮರಳಿದ್ದ ತಂಗಿ ತಿಪ್ಪಾಜಿ, ಊರವರೊಡನೆ ತಾನೂ ಮಣ್ಣು ಹೊತ್ತು ಈ ಏರಿ ಹಾಕಿಸಿದಳು. ಮೊದಲ ಮಳೆಗೇ ಕೋಡಿ ಹರಿಯಿತು. ಅಂದಿನಿಂದ ನಾಯಕನಿಗೆ ಅನ್ನ ರುಚಿಸಲಿಲ್ಲ. ಅವನ ಚಾವಡಿಯಲ್ಲಿ ಉಂಡ ದಾರಿಹೋಕರು ಕೈ ತೊಳೆಯುತ್ತ, "ತಿಪ್ಪಾಜಿಯ ಕೆರೆಗೆ ದಾರಿ ಯಾವುದು?" ಎಂದು ಅವನನ್ನೇ ಕೇಳುತ್ತಿದ್ದರು. ಗಂಗೆಪೂಜೆಗೆ ಹೊರಟ ಮದುವೆಯ ಹೆಂಗಸರು ಅವನ ಕಲ್ಲುಮೆಟ್ಟಿಲನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುತ್ತಿದ್ದರು. ಕೋಟೆಯ ಕಿಟಕಿಯಿಂದ ಆ ನೀರು ಹೊಳೆಯುವುದು ಕಾಣುತ್ತಿತ್ತೆಂದು ಕಿಟಕಿಗೇ ಗಾರೆ ಮೆತ್ತಿಸಿದ. ಹೊಟ್ಟೆಯುರಿ ಆರಲಿಲ್ಲ. ಜಡಿಮಳೆಯ ಒಂದು ಮುಂಜಾನೆ ಆಳುಗಳನ್ನು ಕಳುಹಿಸಿ ತಂಗಿಯ ಏರಿಯನ್ನು ಅಗೆಸಿದ. ನೀರು ಕೆಳಗಿನ ಕೇರಿಗೆ ನುಗ್ಗಿತು. ಜನ, ದನ ಕೊಚ್ಚಿಹೋದರು.

ಅಗೆದ ಆಳುಗಳೇ ಅಳುತ್ತ ಬಂದು ತಿಪ್ಪಾಜಿಗೆ ನಡೆದದ್ದನ್ನು ಹೇಳಿದರು ಎನ್ನುತ್ತಾರೆ. ಬೇಸಗೆ ಬಂದು ಊರಿಗೆ ನೀರು ಸಾಲದಾದಾಗ ನಾಯಕನೂ ಬಂದ, ಏರಿಯನ್ನು ತಾನೇ ಕಟ್ಟಿಸಿಕೊಡುವೆನೆಂದ. ಶಾಸನಕ್ಕೆಂದು ಕಲ್ಲನ್ನೂ ಹೊರಿಸಿ ತಂದಿದ್ದ. 'ಮಳೆಗೆ ಕೆರೆ ಒಡೆಯಿತು, ಸಿರುಮಪ್ಪ ನಾಯಕರು ಕಟ್ಟಿಸಿದರು' ಎಂದು ಅದರಲ್ಲಿ ಕೆತ್ತಬೇಕೆಂಬುದು ಅವನ ಅಪ್ಪಣೆ.

"ಕಟ್ಟಿದ್ದಕ್ಕೆ ನಿನ್ನ ಹೆಸರಿದೆಯಣ್ಣ, ಒಡೆದದ್ದಕ್ಕೆ ಯಾರ ಹೆಸರೂ ಇಲ್ಲವಲ್ಲ" ಎಂದಳು ತಿಪ್ಪಾಜಿ. "ಒಡೆಸಿದನು ಎಂದು ಬರೆಸು. ಆಮೇಲೆ ಕಟ್ಟಿಸು."

"ಒಂದು ಮಾತಿಗಾಗಿ ಊರಿಗೇ ನೀರು ತಪ್ಪಿಸುತ್ತೀಯಾ?"

ತಿಪ್ಪಾಜಿ ತನ್ನ ಮುಂದೆ ಕೂತಿದ್ದ ಬಾಯಾರಿದ ಊರಿನತ್ತ ತಿರುಗಿದಳು. ಆಗ ನೀರಿಗೆ ಮಗನನ್ನು ಕಳೆದುಕೊಂಡಿದ್ದ ಮಾರಕ್ಕ ಎದ್ದಳು. "ಕೆರೆ ತಾನೇ ಒಡೀತು ಅಂದ್ರೆ ನನ್ನ ಮಗ ತಾನೇ ಸತ್ತ ಅಂದಂಗಾತು. ಆ ನೀರು ನನ್ನ ಗಂಟಲಾಗೆ ಇಳಿಯಾಕಿಲ್ಲ." ಅವಳ ಹಿಂದೆ ಊರೆಲ್ಲ ಎದ್ದಿತು. ನಾಯಕ ಆ ಮಾತು ಕೆತ್ತಿಸಲು ಒಪ್ಪಲಿಲ್ಲ. ಜನ ಗುಡ್ಡದಾಚೆ ಬಾವಿ ತೋಡಿಕೊಂಡು ಊರನ್ನೇ ಅಲ್ಲಿಗೆ ಸಾಗಿಸಿದರು. ಒಡೆಸಿದ ಕೆರೆ ಎಂದು ಯಾರೂ ಅನ್ನಕೂಡದೆಂದು ನಾಯಕ ಡಂಗುರ ಹೊಡೆಸಿದನಂತೆ. ಹಾಗೆ ಸಾರುವುದಕ್ಕಾಗಿ ಡಂಗುರದವನು ಆ ಹೆಸರನ್ನು ಸೀಮೆಯ ಊರೂರಿಗೂ ಮುಟ್ಟಿಸಬೇಕಾಯಿತು.

ಏರಿಯ ತುದಿಯಲ್ಲಿ ಆ ಕಲ್ಲು ಈಗಲೂ ವಾಲಿ ನಿಂತಿದೆ. ಮೇಲೆ ಸೂರ್ಯಚಂದ್ರರ ಗುರುತು; ಕೆಳಗೆ ಒಂದಕ್ಷರವೂ ಇಲ್ಲದೆ ನುಣುಪು. ನೋಡಲು ಬಂದವರು ಅದನ್ನು ಸವರಿ ಕೆರೆಯ ಹೆಸರೇನೆಂದು ವಿಚಾರಿಸುತ್ತಾರೆ. ಹೆಸರು ಕಿವಿಗೆ ಬಿದ್ದ ಮೇಲೆ, ಯಾರು ಒಡೆಸಿದ್ದು ಎಂದು ಕೇಳದೆ ಹೋದವರಿಲ್ಲ.