ಒಂದೇ ಪೆಟ್ಟಿಗೆಯ ಅರಸ

"ಕೇಳ್ರಪ್ಪೋ ಕೇಳ್ರಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ ಬಹುಮಾನ! ಒಂದು ತಪ್ಪಿದರೂ ತಲೆದಂಡ!"

ಹೀಗೆ ಮುಗಿಲೂರಿನಲ್ಲಿ ಡಂಗುರ ಹೊಡೆಸಿದ ಅರಸನಿಗೆ ನಾಚಿಕೆ ಅನ್ನೋದು ಇತ್ತೇ? ಸುತ್ತಲ ನೂರು ಊರಿನ ಡೇಟಾ ಇಟ್ಟುಕೊಂಡು, ಅವರ ಕೆಲಸವನ್ನೂ ತನ್ನ ಸರ್ವರುಗಳಲ್ಲೇ ನಡೆಸಿಕೊಡುವ ಕ್ಲೌಡ್ ಅವನ ಕಸುಬು. ಸರ್ವರುಗಳು ಒಂದು ಮನೆಯಲ್ಲಿ, ಡೇಟಾ ಎಲ್ಲ ಇನ್ನೊಂದು ಮನೆಯ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಕೆಟ್ಟಿತು. ನೂರು ಊರೂ ಕೈಕಟ್ಟಿ ಕೂತವು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗೆ, ಪೆಟ್ಟಿಗೆ ಕಾಯುತ್ತಿದ್ದ ಕೆಂಚಜ್ಜನನ್ನು ಹಿಡಿಸಿ, "ನಾಳೆ ಇವನಿಗೆ ಗಲ್ಲು" ಅಂದ. ಮುಂದೇನು ಮಾಡಬೇಕೋ ಅರಸನಿಗೆ ತಿಳಿಯದು. ಬಾಯಿಬಿಟ್ಟು ಕೇಳಲು ಬಿಗುಮಾನ. ಅದಕ್ಕೇ ಈ ಒಗಟು!

"ಉಗ್ರಾಣದ ಮನೆಯೇ ಇಲ್ಲದ ಉಗ್ರಾಣ ಯಾವುದು?" ಎಂದು ಕೇಳಿದ. ಪಂಡಿತನೊಬ್ಬ "ಮೋಡ, ಪ್ರಭು" ಅಂದ. ಉತ್ತರ ತೂಗಲು ಕೂತಿದ್ದ ಆಸ್ಥಾನದ ಎಂಜಿನಿಯರು ಅಲ್ಲವೆಂದ; ನಾಳೆ ತಲೆ ತೆಗೆಯಲೆಂದು ಸೆರೆಮನೆಗೆ ತಳ್ಳಿದರು. ವ್ಯಾಪಾರಿಯೊಬ್ಬ "ಇನ್ನೂ ದೊಡ್ಡ ಪೆಟ್ಟಿಗೆ" ಅಂದ. ಅವನನ್ನೂ ತಳ್ಳಿದರು.

ಆಗ ಬಂದವಳು ನೀಲವ್ವ. ಸರ್ವರುಗಳ ಧೂಳು ಒರೆಸುವವಳು, ಕೆಂಚಜ್ಜನ ಮೊಮ್ಮಗಳು. ಧೂಳಿನ ಬಟ್ಟೆಯನ್ನು ಹೆಗಲಿಗೆಸೆದು ಅರಸನೆದುರು ನಿಂತಳು.

"ಒಂದೊಂದು ಸರ್ವರಿನ ಹೊಟ್ಟೆಗೂ ಡಿಸ್ಕ್ ಹಾಕಿ, ಎಲ್ಲವನ್ನೂ ಸಾಫ್ಟ್‌ವೇರಿನಿಂದ ಹೆಣೆಯಿರಿ. ಅದೇ ಉಗ್ರಾಣ. ಬೇರೆ ಮನೆ ಯಾಕೆ?"

"ಹೊತ್ತವನು ಸತ್ತರೂ ಹೊರೆ ಉಳಿಯುವುದು ಹೇಗೆ?" ಅರಸ ಎರಡನೆಯದನ್ನು ಕೇಳಿದ.

"ಒಂದೇ ಡೇಟಾ ಮೂರು ಸರ್ವರುಗಳಲ್ಲಿ ಇದ್ದರೆ. ಒಂದು ಸತ್ತರೆ, ಉಳಿದವು ಬೇರೊಂದರಲ್ಲಿ ನಕಲು ಮಾಡಿಡುತ್ತವೆ. ಧೂಳು ಒರೆಸುವ ನನಗೆ ಗೊತ್ತು, ನಿಮಗೆ ಗೊತ್ತಿಲ್ಲವೇ?"

"ನಾಲಿಗೆ ಬಿಗಿಹಿಡಿ!" ಅರಸ ಗದರಿದ. "ಗೋಡೆ ಒಡೆಯದೆ, ಕೆಲಸ ನಿಲ್ಲಿಸದೆ ಬೆಳೆಯುವ ಮನೆ ಯಾವುದು?"

"ಇದೇ! ಹೊಸ ಊರಿನವರು ಬಂದರೆ ಇನ್ನೊಂದು ಸರ್ವರ್ ಸೇರಿಸಿ. ಇಡುವ ಜಾಗವೂ ದುಡಿಯುವ ಶಕ್ತಿಯೂ ಒಟ್ಟಿಗೇ ಹೆಚ್ಚುತ್ತವೆ."

ಆಸ್ಥಾನದ ಎಂಜಿನಿಯರು ಎದ್ದು, "ಹೌದು ಪ್ರಭು, ಮೂರೂ ಸರಿ" ಅಂದ.

"ಏನು ಬೇಕು ಕೇಳು. ಅರ್ಧ ರಾಜ್ಯವೇ?"

"ನಿಮ್ಮ ರಾಜ್ಯಕ್ಕಿಷ್ಟು ಬೆಂಕಿ ಹಾಕ! ನನ್ನದೂ ಒಂದು ಒಗಟಿದೆ. ಅದಕ್ಕೆ ಉತ್ತರ ಕೊಡಿ, ಅದೇ ಬಹುಮಾನ. ತಪ್ಪಿದರೆ ನಿಮ್ಮದೇ ಕಾನೂನು. ನಾನು ಈಗ ಹೇಳಿದ್ದನ್ನೇ ನನ್ನಜ್ಜ ಮೂರು ಸಲ ಕಾಲು ಹಿಡಿದು ಹೇಳಿದ್ದ. ಆಗ 'ಒಂದೇ ಪೆಟ್ಟಿಗೆ ಸಾಕು, ಹೋಗೋ ಮುದುಕಾ' ಅಂದವರು ಯಾರು?"

ಅರಸ ಕುತ್ತಿಗೆ ಮುಟ್ಟಿ ನೋಡಿಕೊಂಡ.

"ನಾನೇ" ಅಂದ.

"ಹಾಗಾದರೆ ಬಾಗಿಲು ತೆಗೆಯಿರಿ."

ಸೆರೆಮನೆಯ ಬೀಗವನ್ನು ಅರಸನೇ ಹೋಗಿ ತೆಗೆದ. ಪಂಡಿತ, ವ್ಯಾಪಾರಿ ಇಬ್ಬರೂ ಬದುಕಿದೆವು ಅಂತ ಓಡಿದರು. ಕೊನೆಗೆ ಹೊರಬಂದ ಕೆಂಚಜ್ಜ ಅರಸನನ್ನು ಕಂಡು, ರೂಢಿಯಂತೆ ಕೈ ಮುಗಿಯಹೋದ. ನೀಲವ್ವ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ನೀನಲ್ಲ ಅಜ್ಜಾ. ಅವರು ಮುಗಿಯಲಿ."

ಅರಸ ಕೈ ಮುಗಿದ.