ರೋಮಿನ ಸಿಪಾಯಿಯ ಕಂಬಳಿ

ಹೊಳೆಯ ದಂಡೆಯಲ್ಲಿ ಹಾಲಜ್ಜನ ಮಗ್ಗದ ಮನೆ. ಅಲ್ಲಿಗೆ ದೂರದೇಶದಿಂದ ಒಂದು ಕೋರಿಕೆ ಬಂತು. ಹಳೆಯ ರೋಮಿನ ಸಿಪಾಯಿಗಳ ವೇಷ ತೊಟ್ಟು, ಅವರ ಬದುಕನ್ನು ಆಡಿ ತೋರಿಸುವ ಮಂದಿ ಬರೆದಿದ್ದರು. ಎರಡು ಸಾವಿರ ವರ್ಷದ ಉಣ್ಣೆಯ ಹೊದಿಕೆಯೊಂದರ ಚಿತ್ರ ಕಳಿಸಿ, ಎಳೆ ತಪ್ಪದಂತೆ ಅಂಥದೇ ಬೇಕು ಎಂದಿದ್ದರು.

ಹಾಲಜ್ಜ ಆ ಕೆಲಸವನ್ನು ಶಿಷ್ಯ ಮಾಳಪ್ಪನಿಗೂ ಶಿಷ್ಯೆ ದ್ಯಾಮವ್ವನಿಗೂ ಒಪ್ಪಿಸಿದ.

ಮಾಳಪ್ಪನಿಗೆ ಅಂದೇ ಅಂಜಿಕೆ ಹೊಕ್ಕಿತು. ದ್ಯಾಮವ್ವನ ಕೈ ಬಿರುಸು, ಎಳೆಯನ್ನು ಬಿಗಿದು ಎಳೆಯುತ್ತಿದ್ದಳು. ಎಲ್ಲಿ ಕೆಡಿಸುತ್ತಾಳೋ ಎಂದು ಅವಳನ್ನು ಉಣ್ಣೆ ತೊಳೆಯಲು ಹೊಳೆಗೆ ಅಟ್ಟಿದ. ಮಗ್ಗದ ಮುಂದೆ ತಾನೊಬ್ಬನೇ ನಿಂತ.

ಅದು ನಿಂತು ನೇಯುವ ಅಗಲವಾದ ಮಗ್ಗ. ಚಿತ್ರದಲ್ಲಿ ನಟ್ಟನಡುವೆ ಅಲ್ಲಲ್ಲಿ ಎರಡು ಅಡ್ಡ ಎಳೆ ಒಂದನ್ನೊಂದು ದಾಟಿ ಹೋಗಿದ್ದವು. ಮಾಳಪ್ಪ ದಾಟಿಸಿದಲ್ಲೆಲ್ಲ ಬಟ್ಟೆ ಸುಕ್ಕುಗಟ್ಟಿತು. ಮೂರು ಸಲ ನೇಯ್ದ, ಮೂರು ಸಲ ಬಿಚ್ಚಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಹಾಗೆ ಇವನು ಮಗ್ಗವನ್ನು ಬೈದ. ಊಟ ಸೇರಲಿಲ್ಲ. ಬಿಚ್ಚಿದ ನೂಲು ಹಾಳಾಗಿ, ಇನ್ನೊಂದು ಸಲಕ್ಕಾಗುವಷ್ಟೇ ಉಳಿದಿತ್ತು, ಅಮಾವಾಸ್ಯೆಗೆ ಕಂಬಳಿ ಹೊರಡಬೇಕಿತ್ತು.

ಕೊನೆಗೆ ಗುರುವಿನ ಮುಂದೆ ಕೂತ.

"ಅಜ್ಜಾ, ಎಳಿ ದಾಟಸಾಕ ಬರವಲ್ದು. ಈ ಸಲಾನೂ ಕೆಟ್ಟರ ನಿನ್ನ ಮಾತು ಹೋಗ್ತೈತಿ. ನಾ ಮತ್ತ ಮಗ್ಗ ಮುಟ್ಟಂಗಿಲ್ಲ."

ಹಾಲಜ್ಜ ಎದ್ದ. ನೂಲಿನ ಉಂಡೆ ತೆಗೆದುಕೊಂಡು ಮಗ್ಗದ ಎಡತುದಿಗೆ ನಿಂತ. ಬಲತುದಿಗೆ ನಿಲ್ಲು ಎಂದು ಶಿಷ್ಯನಿಗೆ ಕಣ್ಣಲ್ಲೇ ಹೇಳಿದ.

ಇಬ್ಬರೂ ಎಳೆ ಹಾಯಿಸುತ್ತ ನಡುವಿಗೆ ಬಂದರು. ಕೈಗೆ ಕೈ ತಾಗಿತು. ಅಜ್ಜ ತನ್ನ ಎಳೆಯನ್ನು ಅವನ ಕಡೆ ದಾಟಿಸಿದ. ಅವನದನ್ನು ತನ್ನ ಕಡೆ ಎಳೆದುಕೊಂಡ.

ಒಂದು ಗೇಣು ನೇಯ್ದ ಮೇಲೆ ಮಾಳಪ್ಪ ಚಿತ್ರ ಹಿಡಿದು ನೋಡಿದ. ಅದೇ ದಾಟು. ಒಂದೂ ಸುಕ್ಕಿಲ್ಲ.

"ಅಂದ್ರ ಇದನ್ನ ಇಬ್ರು ನೇಯ್ದಾರ," ಎಂದ ಮೆಲ್ಲಗೆ.

ಹಾಲಜ್ಜ ಚಿತ್ರದ ಬಲಭಾಗ ತೋರಿಸಿದ. ಅಲ್ಲಿ ನೇಯ್ಗೆ ಎಡಕ್ಕಿಂತ ಬಿಗಿಯಾಗಿತ್ತು.

"ಆಗೂ ಒಬ್ಬರ ಕೈ ಬಿರುಸು ಇತ್ತು ನೋಡು."

ಮಾಳಪ್ಪ ತಲೆ ತಗ್ಗಿಸಿದ. ಅಜ್ಜ ಉಂಡೆ ಕೆಳಗಿಟ್ಟು ಹೊರಟ.

"ಎಲ್ಲಿಗೆ ಅಜ್ಜಾ? ಇನ್ನೂ ಭಾಳ ಐತಿ. ನೀ ಹೋದ್ರ ಹೆಂಗ?"

"ಹೊಳಿಗೆ ಹೋಗಿ ದ್ಯಾಮವ್ವನ್ನ ಕರಿ."

"ಸಿಟ್ಟಾಗ್ಯಾಳ ಅಜ್ಜಾ. ಬರಲಿಲ್ಲಂದ್ರ?"

ಹಾಲಜ್ಜ ಬಾಗಿಲಲ್ಲಿ ನಿಂತು ತಿರುಗಿದ.

"ಬರೂತನಕ ಅಕಿ ಬಾಜೂಕ ಕುಂತು ಉಣ್ಣೆ ತೊಳಿ."